ವಾಚ್‌ನಲ್ಲಿ 84 ಬಂತು: ನಿದ್ದೆಯಲ್ಲಿ ಆಕ್ಸಿಜನ್ ನಿಜವಾಗಿಯೂ ಇಳಿಯುತ್ತಿದೆಯಾ?

ಪ್ರಶ್ನೆ: ನನಗೆ 47 ವರ್ಷ. ಮನೆ ರಾಜರಾಜೇಶ್ವರಿನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಎತ್ತರ 5 ಅಡಿ 7 ಇಂಚು, ತೂಕ 86 ಕೆ.ಜಿ. ಎರಡು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದೀಪಾವಳಿಗೆ ತಂಗಿ ಸ್ಮಾರ್ಟ್‌ವಾಚ್ ಕೊಡಿಸಿದಳು. ರಾತ್ರಿ ಕಟ್ಟಿಕೊಂಡು ಮಲಗಿದರೆ ಬೆಳಗ್ಗೆ ಆಕ್ಸಿಜನ್ ಎಷ್ಟಿತ್ತು ಅಂತ ತೋರಿಸುತ್ತದೆ. ಸರಾಸರಿ ಶೇ 93–94 ಇರುತ್ತದೆ. ಆದರೆ ‘ಅತಿ ಕಡಿಮೆ’ ಅನ್ನುವ ಜಾಗದಲ್ಲಿ 84, 86, ಒಮ್ಮೆ 79 ಕೂಡ ಬಂದಿದೆ. ಕೋವಿಡ್ ಸಮಯದಲ್ಲಿ ತಂದ ಬೆರಳಿನ ಆಕ್ಸಿಮೀಟರ್‌ನಲ್ಲಿ ಹಗಲು ನೋಡಿದರೆ 97 ಇರುತ್ತದೆ. ನನ್ನ ಗೊರಕೆ ಜೋರು. ಒಮ್ಮೊಮ್ಮೆ ಗೊರಕೆ ಗಕ್ಕನೆ ನಿಂತು, ಆಮೇಲೆ ಬೆಚ್ಚಿಬಿದ್ದವರ ಹಾಗೆ ಉಸಿರೆಳೆಯುತ್ತೇನೆ ಅಂತ ಹೆಂಡತಿ ಹೇಳುತ್ತಾಳೆ. ಬೆಳಗ್ಗೆ ತಲೆ ಭಾರ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೇನೆ. ಸಂಜೆ ಕಾರು ಓಡಿಸುವಾಗ ಸಿಗ್ನಲ್‌ನಲ್ಲಿ ನಿಂತರೆ ಕಣ್ಣು ಎಳೆಯುತ್ತದೆ. ಒಬ್ಬ ಸ್ನೇಹಿತ ತನ್ನ ಮನೆಯಲ್ಲಿ ಸುಮ್ನೆ ಬಿದ್ದಿರುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೊಡುತ್ತೇನೆ ಅಂತಾನೆ. ಆಫೀಸಿನಲ್ಲಿ ಒಬ್ಬರು ವಾಚ್ ಬರೀ ಆಟಿಕೆ, ನೋಡಲೇಬೇಡಿ ಅಂತಾರೆ. ಈಗ ಎಚ್ಚರವಾದಾಗಲೆಲ್ಲ ವಾಚ್ ನೋಡುವುದೇ ಆಗಿದೆ. ನಿದ್ದೆಯಲ್ಲೇ ಏನಾದರೂ ಆಗಿಬಿಟ್ಟರೆ ಅನ್ನುವ ಭಯ. ಅಮ್ಮನಿಗೂ (72) ಕಟ್ಟಿ ನೋಡಿದೆ. ಹಗಲಲ್ಲೇ 91 ಬಂತು, ಬೆರಳಿನ ಮಿಷನ್‌ನಲ್ಲೂ 91–92. ಅವರು ಹಾಸನದ ಕಡೆ ಹಳ್ಳಿಯಲ್ಲಿದ್ದವರು, ಈಗ ನಮ್ಮ ಜೊತೆ ಇದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ವಯಸ್ಸಾಯಿತಲ್ಲ ಅಂತ ಬಿಟ್ಟೆವು. ನಾನು ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ವಾಚ್ ತೋರಿಸುವ ಅಂಕಿ ಸರಿಯಾ ಅನ್ನುವುದು ಒಂದು. ನನಗೆ ಕಾಯಿಲೆ ಇದೆಯಾ ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡಿದರೆ ಭಯ ಅರ್ಧ ಇಳಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಾಚ್ ರಾತ್ರಿಯಿಡೀ 98 ತೋರಿಸಿದ್ದರೂ ನಾನು ನಿಮಗೆ ನಿದ್ದೆಯ ಪರೀಕ್ಷೆ ಮಾಡಿಸಿ ಅಂತಲೇ ಹೇಳುತ್ತಿದ್ದೆ. ಗೊರಕೆ ಗಕ್ಕನೆ ನಿಂತು, ಮತ್ತೆ ಬೆಚ್ಚಿ ಉಸಿರೆಳೆಯುವುದನ್ನು ನಿಮ್ಮ ಹೆಂಡತಿ ಕಣ್ಣಾರೆ ನೋಡಿದ್ದಾರೆ. ನನ್ನ ಮಟ್ಟಿಗೆ ಆ ಒಂದು ಮಾತು ವಾಚ್‌ನ ಒಂದು ತಿಂಗಳ ಲೆಕ್ಕಕ್ಕಿಂತ ತೂಕದ್ದು. ಅಮ್ಮನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ಓದಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಯೋಚನೆ ತಂದದ್ದು ಅವರ ಬಗ್ಗೆ ಬರೆದ ಆ ನಾಲ್ಕು ಸಾಲು.

ಈಗ ವಾಚ್. ಅದು ಏನನ್ನು ಅಳೆಯುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ತಪ್ಪುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಆಕ್ಸಿಜನ್ ಹೊತ್ತ ರಕ್ತ ಹೆಚ್ಚು ಕೆಂಪಗಿರುತ್ತದೆ, ಆಕ್ಸಿಜನ್ ಬಿಟ್ಟ ರಕ್ತ ಕಪ್ಪುಗೆಂಪು. ಈ ಎರಡು ಬಗೆಯ ರಕ್ತ ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ನಾಡಿ ಮಿಡಿದಾಗ ಏರಿಳಿಯುವ ಬೆಳಕನ್ನಷ್ಟೇ ಆರಿಸಿಕೊಂಡರೆ ಅಪಧಮನಿಯ ರಕ್ತದ ಆಕ್ಸಿಜನ್ ಗೊತ್ತಾಗುತ್ತದೆ. ಇದನ್ನು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ಟಾಕುವೊ ಅಯೊಯಾಗಿ. ಸೂಜಿ ಚುಚ್ಚದೆ ಆಕ್ಸಿಜನ್ ನೋಡುವುದು ಅಲ್ಲಿಂದ ಸುಲಭವಾಯಿತು. ಆಪರೇಷನ್ ಥಿಯೇಟರ್‌ಗಳಲ್ಲಿ ಇದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಬೆರಳಿನ ಆಕ್ಸಿಮೀಟರ್‌ನಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ಬೆರಳ ತುದಿಯಲ್ಲಿ ಸಣ್ಣ ರಕ್ತನಾಳಗಳು ತುಂಬಾ ಇವೆ, ಹಾಗಾಗಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಮಣಿಕಟ್ಟಿನಲ್ಲಿ ಬೆಳಕು ಆಚೆ ದಾಟಲಾರದು. ಚರ್ಮದೊಳಗೆ ಸ್ವಲ್ಪ ದೂರ ಹೋಗಿ ವಾಪಸ್ ಬಂದ ಬೆಳಕನ್ನು ವಾಚ್ ಓದಬೇಕು. ಅಲ್ಲಿ ಮೂಳೆ ಇದೆ, ಸ್ನಾಯುರಜ್ಜು ಇದೆ, ಮೇಲ್ಪದರದಲ್ಲಿ ರಕ್ತನಾಳ ಕಡಿಮೆ. ಬರುವ ಸಿಗ್ನಲ್ ಬಹಳ ಕ್ಷೀಣ. ಬೆಲ್ಟ್ ಒಂದಿಷ್ಟು ಸಡಿಲವಾದರೆ, ಕೈ ಮೇಲೆ ತಲೆಯಿಟ್ಟು ಮಲಗಿದರೆ, ಮಗ್ಗುಲು ಬದಲಿಸಿದರೆ ಸಿಗ್ನಲ್ ಕೆಡುತ್ತದೆ. ಡಿಸೆಂಬರ್–ಜನವರಿಯ ಬೆಂಗಳೂರಿನ ಚಳಿಗೆ ಕೈ ತಣ್ಣಗಾದರೂ ಹಾಗೆಯೇ. ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ ಕೆಲವು ವಾಚ್‌ಗಳು ಓದುವುದೇ ಇಲ್ಲ. ಹೀಗೆ ಕೆಟ್ಟ ಸಿಗ್ನಲ್‌ನಿಂದ ಹುಟ್ಟಿದ ಅಂಕಿಯೂ ಪರದೆಯ ಮೇಲೆ 84 ಅಂತಲೇ ಕಾಣುತ್ತದೆ. ನಿಜವಾಗಿ ಇಳಿದದ್ದೂ 84 ಅಂತಲೇ ಕಾಣುತ್ತದೆ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಆಸ್ಪತ್ರೆಯ ಒಳ್ಳೆಯ ಆಕ್ಸಿಮೀಟರ್‌ನಲ್ಲೂ 2ರಿಂದ 3 ಅಂಕಿ ಆಚೀಚೆ ಆಗುವುದು ಮಾಮೂಲು. 92 ಅಂತ ತೋರಿಸಿದರೆ ನಿಜದ ಅಂಕಿ 90 ಇರಬಹುದು, 94 ಕೂಡ ಇರಬಹುದು. ವಾಚ್‌ನಲ್ಲಿ ಈ ಅಂತರ ಇನ್ನೂ ಜಾಸ್ತಿಯಾಗಬಹುದು. ಅದಕ್ಕೇ ಅವನ್ನು ತಯಾರಿಸುವ ಹೆಚ್ಚಿನ ಕಂಪನಿಗಳು ‘ಇದು ವೈದ್ಯಕೀಯ ಬಳಕೆಗೆ ಅಲ್ಲ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ನಮ್ಮಂಥ ಚರ್ಮದ ಬಣ್ಣದವರು ಇದನ್ನು ತಿಳಿದಿರಬೇಕು. 2020ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ಆಕ್ಸಿಜನ್ 88ಕ್ಕಿಂತ ಕಡಿಮೆ ಇದ್ದರೂ ಆಕ್ಸಿಮೀಟರ್ 92ರಿಂದ 96ರ ನಡುವೆ ತೋರಿಸಿದ ಸಂದರ್ಭಗಳನ್ನು ಅವರು ಲೆಕ್ಕ ಹಾಕಿದರು. ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಲ್ಲಿ ಹೀಗಾಗಿದ್ದು ಸುಮಾರು ಮೂರು ಪಟ್ಟು. ಅಂದರೆ ಚರ್ಮ ಕಪ್ಪಾದಷ್ಟೂ ಯಂತ್ರ ಸುಳ್ಳು ಧೈರ್ಯ ಹೇಳುವ ಸಾಧ್ಯತೆ ಹೆಚ್ಚು. ‘ವಾಚ್ ಬರೀ ಆಟಿಕೆ, ನೋಡಲೇಬೇಡಿ’ ಅನ್ನುವ ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಹಾಗಾದರೆ 84ಕ್ಕೆ ಏನು ಅರ್ಥ? ಒಂದು ರಾತ್ರಿಯ ‘ಅತಿ ಕಡಿಮೆ’ ಅಂಕಿ ಇಡೀ ವರದಿಯಲ್ಲಿ ಅತ್ಯಂತ ದುರ್ಬಲವಾದ ಅಂಕಿ. ಸಾವಿರ ಸಲ ಅಳೆದು ಅದರಲ್ಲಿ ಕೆಟ್ಟದ್ದೊಂದನ್ನೇ ಹೆಕ್ಕಿ ತೋರಿಸಿದರೆ ಅದು ಯಂತ್ರದ ತಪ್ಪೇ ಆಗಿರುವ ಸಾಧ್ಯತೆ ಜಾಸ್ತಿ. ನಿಮ್ಮ 79ನ್ನು ನಾನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ನಾನು ನೋಡುವುದು ಬೇರೆ ಎರಡು ವಿಷಯ. ರಾತ್ರಿ ಒಟ್ಟು ಎಷ್ಟು ಹೊತ್ತು 90ರ ಕೆಳಗಿತ್ತು? ಗಂಟೆಗೆ ಎಷ್ಟು ಸಲ 3–4 ಅಂಕಿ ಇಳಿದು ಮತ್ತೆ ಏರಿತು? ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಲ್ಲಿ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ. ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ, ಗಂಟೆಗಟ್ಟಲೆ. ಆಕ್ಸಿಜನ್ ಏರುವ ಹೊತ್ತಿಗೆ ನಾಡಿಯೂ ಜಿಗಿಯುತ್ತದೆ. ಆದರೆ ಅನೇಕ ವಾಚ್‌ಗಳು ಕೆಲವು ನಿಮಿಷಕ್ಕೊಮ್ಮೆ ಮಾತ್ರ ಓದುತ್ತವೆ, ಆಮೇಲೆ ಸರಾಸರಿ ಮಾಡುತ್ತವೆ. ಉಸಿರು ಕಟ್ಟುವುದು ಬರೀ ಇಪ್ಪತ್ತು–ಮೂವತ್ತು ಸೆಕೆಂಡು. ಆ ಹಲ್ಲುಗಳೆಲ್ಲ ಸರಾಸರಿಯಲ್ಲಿ ಮುಚ್ಚಿಹೋಗುತ್ತವೆ. ಹಾಗಾಗಿ 94ರ ಸರಾಸರಿ ನೋಡಿ ನಿರಾಳವಾಗುವ ಹಾಗೂ ಇಲ್ಲ.

90 ಅನ್ನುವ ಅಂಕಿಗೆ ನಾವು ಯಾಕೆ ಇಷ್ಟು ಮಹತ್ವ ಕೊಡುತ್ತೇವೆ ಅಂತ ಕೇಳಬಹುದು. ರಕ್ತದಲ್ಲಿ ಆಕ್ಸಿಜನ್‌ನ ಒತ್ತಡ ಸ್ವಲ್ಪ ಕಡಿಮೆಯಾದರೂ ಹಿಮೋಗ್ಲೋಬಿನ್ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 98ರಿಂದ 92ರವರೆಗೆ ದೇಹಕ್ಕೆ ಸಿಗುವ ಆಕ್ಸಿಜನ್‌ನಲ್ಲಿ ಭಾರೀ ವ್ಯತ್ಯಾಸ ಇರುವುದಿಲ್ಲ. 90ರ ಹತ್ತಿರ ಒತ್ತಡ ಸುಮಾರು 60 ಮಿ.ಮೀ.ಗೆ ಬಂದಿರುತ್ತದೆ. ಅಲ್ಲಿಂದ ಕೆಳಗೆ ಸರ್ರನೆ ಜಾರುತ್ತದೆ. ನಂದಿಬೆಟ್ಟದ ಮೇಲೆ ಆರಾಮಾಗಿ ಅಡ್ಡಾಡಬಹುದು, ಟಿಪ್ಪು ಡ್ರಾಪ್‌ನ ಅಂಚಿಗೆ ಬಂದರೆ ಒಂದು ಹೆಜ್ಜೆಯೂ ದೊಡ್ಡದು. ಇದೂ ಹಾಗೆಯೇ. ಇನ್ನೊಂದು ಮಾತು. ನಿದ್ದೆಯಲ್ಲಿ ಎಲ್ಲರ ಉಸಿರಾಟವೂ ಸ್ವಲ್ಪ ನಿಧಾನವಾಗುತ್ತದೆ. ಆರೋಗ್ಯವಂತರಿಗೂ ಒಂದೆರಡು ಅಂಕಿ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಅದರಿಂದ ಮಂಗಳೂರಿನವರಿಗಿಂತ ಒಂದಂಕಿ ಆಚೀಚೆ ಆಗಬಹುದು. ಇದಾವುದೂ ಕಾಯಿಲೆ ಅಲ್ಲ.

ಈಗ ನಿಮ್ಮ ದೇಹ ಹೇಳುತ್ತಿರುವುದನ್ನು ನೋಡೋಣ. ಸ್ಲೀಪ್ ಆಪ್ನಿಯಾ ಅನ್ನುವ ಕಾಯಿಲೆಯಲ್ಲಿ ನಿದ್ದೆ ಬಂದ ಮೇಲೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ನಾಲಿಗೆ ಹಿಂದಕ್ಕೆ ಬೀಳುತ್ತದೆ. ಗಾಳಿಯ ದಾರಿ ಕಿರಿದಾದಾಗ ಗೊರಕೆ, ಪೂರ್ತಿ ಮುಚ್ಚಿದಾಗ ಮೌನ. ಎದೆ ಉಸಿರೆಳೆಯಲು ಒದ್ದಾಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಗಕ್ ಅಂತ ಉಸಿರು ಬರುತ್ತದೆ. ನಿಮಗೆ ಬೆಳಗ್ಗೆ ಇದು ನೆನಪೂ ಇರುವುದಿಲ್ಲ. ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ, ಇಲ್ಲವೇ ಆಕ್ಸಿಜನ್ ಇಳಿಯುವಷ್ಟು ಕಡಿಮೆಯಾದರೆ, ನಾವು ಅದನ್ನು ಒಂದು ಸಲ ಅಂತ ಎಣಿಸುತ್ತೇವೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೇಲೆ ತೀವ್ರ.

ರಾತ್ರಿ ನೂರಾರು ಸಲ ಹೀಗೆ ಎಬ್ಬಿಸಿದರೆ ಏನಾಗುತ್ತದೆ? ಪ್ರತಿ ಸಲವೂ ಅಡ್ರಿನಲಿನ್ ಏರುತ್ತದೆ, ಬಿಪಿ ಏರುತ್ತದೆ. ಬಿಪಿ ಮಾತ್ರೆ ತೆಗೆದುಕೊಂಡರೂ ಹತೋಟಿಗೆ ಬಾರದ ಎಷ್ಟೋ ಜನರಲ್ಲಿ ಮೂಲ ಇದೇ ಆಗಿರುತ್ತದೆ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಡುವಾಗ ಹೃದಯದ ಮೇಲೆ ಒತ್ತಡ ಬೀಳುತ್ತದೆ. ಆಗ ಹೃದಯ ಒಂದು ಹಾರ್ಮೋನ್ ಬಿಡುತ್ತದೆ, ಅದು ಕಿಡ್ನಿಗೆ ಹೆಚ್ಚು ಮೂತ್ರ ಮಾಡಿಸುತ್ತದೆ. ನೀವು ರಾತ್ರಿ ಎರಡು ಸಲ ಏಳುವುದಕ್ಕೆ ಇದು ಕಾರಣ ಇರಬಹುದು. ಶುಗರ್ ಅನ್ನೂ ಒಮ್ಮೆ ನೋಡಿಸಿ, ಆಪ್ನಿಯಾ ಮತ್ತು ಶುಗರ್ ಕಾಯಿಲೆ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಬೆಳಗಿನ ತಲೆಭಾರ, ಸಿಗ್ನಲ್‌ನಲ್ಲಿ ತೂಕಡಿಕೆ, ಎಲ್ಲವೂ ಇದೇ ದಿಕ್ಕಿಗೆ ಕೈ ತೋರಿಸುತ್ತವೆ.

ನಾವು ಕ್ಲಿನಿಕ್‌ನಲ್ಲಿ ಎಂಟು ಪ್ರಶ್ನೆಗಳ ಒಂದು ಸರಳ ಪಟ್ಟಿ ಬಳಸುತ್ತೇವೆ. ಹೆಸರು ಸ್ಟಾಪ್-ಬ್ಯಾಂಗ್. ಜೋರು ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ನೋಡಿರುವುದು, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಹೆಚ್ಚು, ವಯಸ್ಸು 50ಕ್ಕಿಂತ ಹೆಚ್ಚು, ಕುತ್ತಿಗೆಯ ಸುತ್ತಳತೆ 40 ಸೆ.ಮೀ.ಗಿಂತ ಹೆಚ್ಚು, ಗಂಡಸಾಗಿರುವುದು. ಪ್ರತಿಯೊಂದಕ್ಕೂ ಒಂದು ಅಂಕ. 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವ ಸಾಧ್ಯತೆ ಹೆಚ್ಚು. ಗೊರಕೆ, ಸುಸ್ತು, ನೋಡಿದ್ದು, ಬಿಪಿ, ಗಂಡಸು: ಕುತ್ತಿಗೆ ಅಳೆಯುವ ಮೊದಲೇ ನಿಮಗೆ 5 ಬಂತು. ಇದನ್ನು ಹೇಳಲು ಯಾವ ಸೆನ್ಸರ್ರೂ ಬೇಕಾಗಲಿಲ್ಲ. ನಿಮ್ಮ ಬಿಎಂಐ ಸುಮಾರು 30. ಈ ಪಟ್ಟಿಯ ಪ್ರಕಾರ ಅದಕ್ಕೆ ಅಂಕ ಇಲ್ಲ. ಆದರೆ ಭಾರತೀಯರಿಗೆ 25 ದಾಟಿದರೇ ಬೊಜ್ಜು ಅಂತ ನಾವು ಲೆಕ್ಕ ಹಾಕುತ್ತೇವೆ. ನಮ್ಮವರಲ್ಲಿ ಅಷ್ಟೇನೂ ದಪ್ಪ ಕಾಣದವರಿಗೂ ತೀವ್ರ ಆಪ್ನಿಯಾ ಇರುವುದನ್ನು ದಿನವೂ ನೋಡುತ್ತೇನೆ.

ಇನ್ನು ಭಯದ ವಿಷಯ. ನಿದ್ದೆಯಲ್ಲಿ ಉಸಿರು ಕಟ್ಟಿ ಅಲ್ಲೇ ಪ್ರಾಣ ಹೋಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಆಕ್ಸಿಜನ್ ಇಳಿದರೆ ಮೆದುಳು ಎಬ್ಬಿಸುತ್ತದೆ. ಆ ಕಾವಲು ನಿಮ್ಮಲ್ಲಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಆ ‘ಗಕ್’ ಸದ್ದೇ ಸಾಕ್ಷಿ. ಈ ಕಾಯಿಲೆಯ ಅಪಾಯ ನಿಧಾನದ್ದು. ವರ್ಷಗಟ್ಟಲೆ ಬಿಟ್ಟರೆ ಬಿಪಿ, ಹೃದಯದ ಬಡಿತ ತಪ್ಪುವುದು, ಪಾರ್ಶ್ವವಾಯು. ಇವತ್ತಿನ ಅಪಾಯ ಅಂತ ಒಂದಿದ್ದರೆ ಅದು ಸ್ಟೀರಿಂಗ್ ಹಿಂದೆ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಎಳೆಯುವವರಿಗೆ ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ನೇರ ರಸ್ತೆಯಲ್ಲಿ ನೂರರ ವೇಗದಲ್ಲೂ ಎಳೆಯಬಹುದು. ಪರೀಕ್ಷೆ ಆಗಿ ಚಿಕಿತ್ಸೆ ಶುರುವಾಗುವವರೆಗೆ ದೂರ ಪ್ರಯಾಣಕ್ಕೆ ನೀವು ಗಾಡಿ ಓಡಿಸಬೇಡಿ. ವೈಟ್‌ಫೀಲ್ಡ್‌ಗೆ ಮೆಟ್ರೊ ಇದೆಯಲ್ಲ, ಸದ್ಯಕ್ಕೆ ಅದರಲ್ಲಿ ಹೋಗಿಬನ್ನಿ. ಈ ಒಂದು ಸಲಹೆಯನ್ನು ದಯವಿಟ್ಟು ಇವತ್ತಿನಿಂದಲೇ ಪಾಲಿಸಿ.

ಸ್ನೇಹಿತರ ಕಾನ್ಸನ್‌ಟ್ರೇಟರ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ. 2021ರ ಎರಡನೇ ಅಲೆಯಲ್ಲಿ ಕೊಂಡ ಯಂತ್ರಗಳು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ನಿಮ್ಮ ತೊಂದರೆ ಗಂಟಲು ಮುಚ್ಚುವುದು. ಮೂಗಿಗೆ ಆಕ್ಸಿಜನ್ ಬಿಟ್ಟರೆ ಮುಚ್ಚಿದ ಗಂಟಲು ತೆರೆಯುವುದಿಲ್ಲ. ವಾಚ್‌ನ ಅಂಕಿ ಮಾತ್ರ ಚೆಂದ ಕಾಣುತ್ತದೆ. ಮೆದುಳನ್ನು ಎಬ್ಬಿಸುವ ಎಚ್ಚರಿಕೆ ತಡವಾಗಿ, ಉಸಿರು ಇನ್ನೂ ಹೆಚ್ಚು ಹೊತ್ತು ಕಟ್ಟಬಹುದು. ಕೆಲವರಲ್ಲಿ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ತುಂಬಿಕೊಂಡು ಮಂಪರು ಬರುತ್ತದೆ. ಅದನ್ನು ವಾಚ್ ಆಗಲಿ ಬೆರಳಿನ ಮಿಷನ್ ಆಗಲಿ ತೋರಿಸುವುದೇ ಇಲ್ಲ. ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವುದು ಈಗ ಮೊಬೈಲ್ ವಿಡಿಯೊಗಳಲ್ಲಿ ಜೋರಾಗಿದೆ. ಮೂಗು ಕಟ್ಟಿದವರಿಗೆ, ಆಪ್ನಿಯಾ ಇರುವವರಿಗೆ ಅದು ಅಪಾಯ. ನಿದ್ದೆ ಬರಲಿ ಅಂತ ಆಲ್‌ಪ್ರಜೋಲಾಮ್‌ನಂಥ ಮಾತ್ರೆ ನುಂಗುವುದು, ರಾತ್ರಿ ಒಂದು ಪೆಗ್ ಹಾಕುವುದು, ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಕಿಟಕಿ ಮುಚ್ಚಿದ್ದಕ್ಕೆ ಆಕ್ಸಿಜನ್ ಇಳಿಯಿತಾ, ಮಂಚದ ಪಕ್ಕ ತುಳಸಿ ಇಡಬೇಕಾ, ಪ್ರಾಣಾಯಾಮ ಮಾಡಿ ಮಲಗಿದರೆ ಸರಿಹೋಗುತ್ತದಾ ಅಂತಲೂ ಕೇಳುತ್ತಾರೆ. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಕ್ಸಿಜನ್ ಇದೆ. ಇಬ್ಬರು ಮಲಗುವ ಸಾಮಾನ್ಯ ಕೋಣೆಯಲ್ಲಿ ಕಿಟಕಿ ಮುಚ್ಚಿದರೆ ಉಸಿರು ಕಟ್ಟಿದಂತೆ ಅನಿಸಬಹುದು, ಆದರೆ ರಕ್ತದ ಆಕ್ಸಿಜನ್ 84ಕ್ಕೆ ಬೀಳುವುದಿಲ್ಲ. ಗಿಡದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರಾಣಾಯಾಮ ಮನಸ್ಸಿಗೆ ಒಳ್ಳೆಯದು, ಖಂಡಿತ ಮಾಡಿ. ಆದರೆ ದೇಹ ಆಕ್ಸಿಜನ್ ಅನ್ನು ಕೆಲವು ನಿಮಿಷಕ್ಕಿಂತ ಹೆಚ್ಚು ಕೂಡಿಟ್ಟುಕೊಳ್ಳಲಾರದು. ಹತ್ತು ಗಂಟೆಗೆ ಎಳೆದ ಉಸಿರು ಮೂರು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ವಿಷಯ ಬಿಟ್ಟು ಒಂದು ಮಾತು ಹೇಳಲೇಬೇಕು. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ನಮ್ಮ ಊರಿನಲ್ಲಿ ಇದರಿಂದ ಸಾವುಗಳಾಗಿವೆ. ಆ ವಿಷಾನಿಲ ಹಿಡಿದ ಹಿಮೋಗ್ಲೋಬಿನ್ ಅನ್ನು ಆಕ್ಸಿಮೀಟರ್ ಆಕ್ಸಿಜನ್ ಅಂತಲೇ ಓದುತ್ತದೆ. ಮನುಷ್ಯ ಕುಸಿಯುತ್ತಿದ್ದರೂ 98 ತೋರಿಸಬಹುದು. ರಕ್ತಹೀನತೆಯಲ್ಲೂ ಹೀಗೆಯೇ. ಹಿಮೋಗ್ಲೋಬಿನ್ 7 ಇದ್ದರೂ ಇರುವಷ್ಟರಲ್ಲಿ ಆಕ್ಸಿಜನ್ ತುಂಬಿದ್ದರೆ ಅಂಕಿ 98. ಒಳ್ಳೆಯ ಅಂಕಿ ಬಂದರೂ ಮೈಯಲ್ಲಿ ಲಕ್ಷಣ ಇದ್ದರೆ ಲಕ್ಷಣವನ್ನೇ ನಂಬಿ.

ಕೆಲವು ಹೊಸ ವಾಚ್‌ಗಳು ಸ್ಲೀಪ್ ಆಪ್ನಿಯಾ ಇರಬಹುದು ಅಂತ ನೇರವಾಗಿ ಎಚ್ಚರಿಸುತ್ತವೆ. 2024ರಲ್ಲಿ ಸ್ಯಾಮ್‌ಸಂಗ್ ಮತ್ತು ಆಪಲ್ ಎರಡೂ ಕಂಪನಿಗಳ ಇಂಥ ಸೌಲಭ್ಯಕ್ಕೆ ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಸ್ಯಾಮ್‌ಸಂಗ್ ಆಕ್ಸಿಜನ್‌ನ ಏರಿಳಿತ ನೋಡುತ್ತದೆ. ಆಪಲ್ ನೋಡುವುದು ಉಸಿರಾಟದ ಜೊತೆ ಮಣಿಕಟ್ಟಿನಲ್ಲಾಗುವ ಸೂಕ್ಷ್ಮ ಚಲನೆಯನ್ನು. ಆಕ್ಸಿಜನ್ ಅಂಕಿಯನ್ನು ಅದಕ್ಕೆ ಬಳಸುವುದೇ ಇಲ್ಲ. ಎರಡೂ ಮಧ್ಯಮದಿಂದ ತೀವ್ರ ಕಾಯಿಲೆಯ ಸುಳಿವು ಕೊಡಲು ಮಾಡಿದವು. ಎಚ್ಚರಿಕೆ ಬಂದರೆ ವೈದ್ಯರ ಹತ್ತಿರ ಹೋಗಿ. ಬರಲಿಲ್ಲ ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡಿ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಶ್ವಾಸಕೋಶ ತಜ್ಞರು ಅಥವಾ ನಿದ್ದೆಯ ಕಾಯಿಲೆ ನೋಡುವ ಇಎನ್‌ಟಿ, ನರರೋಗ ತಜ್ಞರು, ಇವರಲ್ಲಿ ಯಾರಾದರೂ ಸರಿ. ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಯ ಬಗ್ಗೆ ಗೊತ್ತಿರುವುದು ಅವರಿಗೇ. ಗೊರಕೆ ನಿಲ್ಲುವ ಒಂದೆರಡು ನಿಮಿಷದ ವಿಡಿಯೊ ಮೊಬೈಲ್‌ನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಪರೀಕ್ಷೆ ಎರಡು ಬಗೆ. ಮನೆಯಲ್ಲೇ ಮಾಡುವುದರಲ್ಲಿ ಮೂಗಿನ ಹತ್ತಿರ ಒಂದು ನಳಿಕೆ, ಎದೆಗೆ ಒಂದು ಪಟ್ಟಿ, ಬೆರಳಿಗೆ ಆಕ್ಸಿಮೀಟರ್ ಕಟ್ಟಿಕೊಂಡು ನಿಮ್ಮ ಹಾಸಿಗೆಯಲ್ಲೇ ಮಲಗುತ್ತೀರಿ. ಖರ್ಚು ಕಡಿಮೆ. ನಿಮ್ಮಂಥ ಸ್ಪಷ್ಟ ಲಕ್ಷಣ ಇರುವವರಿಗೆ ಸಾಮಾನ್ಯವಾಗಿ ಸಾಕು. ಅದರ ಕೊರತೆ ಏನೆಂದರೆ, ನೀವು ನಿಜವಾಗಿ ನಿದ್ದೆ ಮಾಡಿದ್ದು ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಿದ್ದೆಯೇ ಬಾರದೆ ಹೊರಳಾಡಿದರೆ ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹಾಗಾಗಿ ಅದರಲ್ಲಿ ಏನೂ ಸಿಗದಿದ್ದರೆ ಅಲ್ಲಿಗೇ ಬಿಡಬಾರದು. ಇನ್ನೊಂದು ಆಸ್ಪತ್ರೆಯ ಸ್ಲೀಪ್ ಲ್ಯಾಬ್‌ನಲ್ಲಿ ಒಂದು ರಾತ್ರಿ ಮಲಗಿ ಮಾಡುವುದು. ತಲೆಗೆ, ಕಣ್ಣಿನ ಪಕ್ಕ, ಕಾಲಿಗೆ ವೈರ್ ಹಾಕುತ್ತಾರೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿದ್ದವರಿಗೆ ಇದೇ ಸರಿ. ಇಷ್ಟು ವೈರ್‌ನಲ್ಲಿ ನಿದ್ದೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚಿನವರಿಗೆ ಬೇಕಾದಷ್ಟು ಬರುತ್ತದೆ.

ಆಪ್ನಿಯಾ ಮಧ್ಯಮ ಅಥವಾ ತೀವ್ರ ಅಂತ ಬಂದರೆ ಮೊದಲ ಚಿಕಿತ್ಸೆ ಸಿಪ್ಯಾಪ್. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ವರದಿ ಮಾಡಿದರು. ಮಾಸ್ಕ್ ಮೂಲಕ ಬರುವ ಗಾಳಿಯ ಒತ್ತಡ ಗಂಟಲು ಮುಚ್ಚದ ಹಾಗೆ ತೆರೆದಿಡುತ್ತದೆ. ಅದರಲ್ಲಿ ಬರುವುದು ಕೋಣೆಯ ಮಾಮೂಲಿ ಗಾಳಿ. ಮೊದಲ ಎರಡು ವಾರ ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ಮೂಗು ಒಣಗುತ್ತದೆ, ಮಾಸ್ಕ್ ಒತ್ತುತ್ತದೆ, ಕೆಲವರಿಗೆ ಉಸಿರುಗಟ್ಟಿದ ಹಾಗೆ ಅನಿಸುತ್ತದೆ. ಬಿಟ್ಟುಬಿಡುವವರು ಬಿಡುವುದು ಈ ಎರಡು ವಾರದಲ್ಲೇ, ಮತ್ತು ಬಹಳ ಸಲ ಕಾರಣ ತಪ್ಪು ಅಳತೆಯ ಮಾಸ್ಕ್. ಆನ್‌ಲೈನ್‌ನಲ್ಲಿ ತರಿಸಬೇಡಿ, ಹಾಕಿ ನೋಡಿ ತೆಗೆದುಕೊಳ್ಳಿ. ಮೊದಲು ಬಾಡಿಗೆಗೆ ಪಡೆದು ನೋಡಬಹುದು. ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಅನ್ನುವ ಭಯ ಬೇಡ. ಮಾಸ್ಕ್‌ನಲ್ಲಿ ಗಾಳಿ ಹೋಗಲು ದಾರಿ ಇರುತ್ತದೆ, ಯಂತ್ರ ನಿಂತರೆ ಎಚ್ಚರವಾಗುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಸಿಪ್ಯಾಪ್‌ನ ಪ್ಲಗ್ ಆ ಲೈನ್‌ಗೆ ಹಾಕಿಸಿ.

ತೂಕ ಇಳಿಸುವುದರ ಲಾಭ ನಿಜ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ತೂಕ ಶೇ 10 ಇಳಿದವರಲ್ಲಿ ಉಸಿರು ಕಟ್ಟುವುದು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ನಿಮಗೆ ಅದು 8–9 ಕೆ.ಜಿ. ಆದರೆ ತೂಕ ಇಳಿಸಿ ಆಮೇಲೆ ಪರೀಕ್ಷೆ ಮಾಡಿಸುತ್ತೇನೆ ಅಂತ ಮುಂದೂಡಬೇಡಿ. ನಿದ್ದೆಗೆಟ್ಟ ದೇಹದಲ್ಲಿ ಹಸಿವು ಜಾಸ್ತಿ, ತೂಕ ಇಳಿಸುವುದು ಇನ್ನೂ ಕಷ್ಟ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರಿಗೆ ಮಗ್ಗುಲಾಗಿ ಮಲಗುವುದು ತುಂಬಾ ಸಹಾಯ ಮಾಡುತ್ತದೆ. ಸೌಮ್ಯ ಕಾಯಿಲೆಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಆಪರೇಷನ್ ಕೆಲವರಿಗೆ ಮಾತ್ರ.

ಅಲ್ಲಿಯವರೆಗೆ ವಾಚ್ ಏನು ಮಾಡಬೇಕು? ಕಟ್ಟಿಕೊಳ್ಳಿ, ಆದರೆ ಬೆಲ್ಟ್ ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಿರಲಿ, ಅಲುಗಾಡದಷ್ಟು ಬಿಗಿ ಇರಲಿ. ರಾತ್ರಿ ಪರದೆ ಆನ್ ಆಗದ ಹಾಗೆ ಸೆಟ್ ಮಾಡಿ. ಬೆಳಗ್ಗೆಯೂ ದಿನಾ ನೋಡಬೇಡಿ. ಎರಡು ವಾರದ ಗ್ರಾಫ್ ಒಟ್ಟಿಗೆ ವೈದ್ಯರಿಗೆ ತೋರಿಸಿ. ರಾತ್ರಿ ಎಚ್ಚರವಾದಾಗ ಅಂಕಿ ನೋಡುವ ಅಭ್ಯಾಸದಿಂದಲೇ ನಿದ್ದೆ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ನೋಡದೆ ಇರಲು ಆಗುತ್ತಿಲ್ಲ ಅಂದರೆ ಪರೀಕ್ಷೆ ಮುಗಿಯುವವರೆಗೆ ವಾಚ್ ಅನ್ನು ಹಾಲ್‌ನಲ್ಲೇ ಇಟ್ಟುಬಿಡಿ. ನಿಮ್ಮ ವಿಷಯದಲ್ಲಿ ಅದು ಹೇಳಬೇಕಾದ್ದನ್ನು ಹೇಳಿ ಆಗಿದೆ.

ಈಗ ಅಮ್ಮ. ನಿಮ್ಮ 84 ನಿದ್ದೆಯಲ್ಲಿ, ಮಣಿಕಟ್ಟಿನಲ್ಲಿ, ಅರೆಕ್ಷಣ ಬಂದದ್ದು. ಅವರ 91 ಹಗಲಲ್ಲಿ, ಎಚ್ಚರವಾಗಿದ್ದಾಗ ಬಂದದ್ದು. ವಾಚ್ ಮತ್ತು ಬೆರಳಿನ ಮಿಷನ್ ಎರಡೂ ಒಂದೇ ಮಾತು ಹೇಳಿವೆ, ಜೊತೆಗೆ ಏದುಸಿರೂ ಇದೆ. ವಯಸ್ಸಾದರೆ ಆಕ್ಸಿಜನ್ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ 72ಕ್ಕೆ 91 ಬರಬಾರದು. ಹಳ್ಳಿಯಲ್ಲಿ ಸೌದೆ ಒಲೆಯ ಮುಂದೆ ಅಡುಗೆ ಮಾಡಿದವರಾ ಅಂತ ಕೇಳಿ. ಬೀಡಿ ಸಿಗರೇಟು ಮುಟ್ಟದ ನಮ್ಮ ಹೆಂಗಸರಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಬರುವುದಕ್ಕೆ ಆ ಹೊಗೆ ದೊಡ್ಡ ಕಾರಣ. ಕೆಮ್ಮು, ಕಫ, ಕಾಲು ಊತ ಇದೆಯಾ ನೋಡಿ. ಹೃದಯದ ತೊಂದರೆಯೂ ಇರಬಹುದು.

ಅವರನ್ನು ಕೂರಿಸಿ, ಐದು ನಿಮಿಷ ಸುಮ್ಮನಿರಲು ಹೇಳಿ. ಕೈ ಉಜ್ಜಿ ಬೆಚ್ಚಗೆ ಮಾಡಿ, ಮೆಹಂದಿ ಅಥವಾ ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಮಿಷನ್ ಹಾಕಿ. ಅಂಕಿ ಒಂದು ನಿಮಿಷ ನಿಂತ ಮೇಲೆ ಬರೆದುಕೊಳ್ಳಿ. ಆಮೇಲೆ ಮನೆಯೊಳಗೇ ಸ್ವಲ್ಪ ನಡೆಸಿ, ಮತ್ತೆ ನೋಡಿ. ನಡೆದಾಗ 3–4 ಅಂಕಿ ಇಳಿದರೆ ಅದನ್ನೂ ಬರೆದಿಡಿ, ವೈದ್ಯರಿಗೆ ಬಹಳ ಉಪಯೋಗ. ಈ ವಾರವೇ ಶ್ವಾಸಕೋಶ ತಜ್ಞರಿಗೆ ತೋರಿಸಿ. ನಿಮ್ಹಾನ್ಸ್ ಹತ್ತಿರ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಅಲ್ಲಿಗೂ ಹೋಗಬಹುದು. ಎಕ್ಸ್‌ರೇ, ಊದುವ ಪರೀಕ್ಷೆ, ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಹಿಮೋಗ್ಲೋಬಿನ್, ಇವುಗಳಿಂದ ಶುರು ಮಾಡುತ್ತಾರೆ. ಸ್ನೇಹಿತರ ಕಾನ್ಸನ್‌ಟ್ರೇಟರ್ ಅವರಿಗೂ ಹಚ್ಚಬೇಡಿ. ಸಿಒಪಿಡಿ ಇದ್ದರೆ ಆಕ್ಸಿಜನ್ ಅನ್ನು ಅಳತೆ ಮಾಡಿಯೇ ಕೊಡಬೇಕು. ಕೂತಿದ್ದಾಗಲೇ 90ರ ಕೆಳಗೆ ಬಂದರೆ, ತುಟಿ ನೀಲಿಯಾದರೆ, ಎದೆ ನೋವು ಬಂದರೆ, ಮಾತು ತಡವರಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಯ ಪರೀಕ್ಷೆ ಹದಿನೈದು ದಿನ ತಡವಾದರೂ ನಡೆಯುತ್ತದೆ. ಮೊದಲು ಅವರನ್ನು ತೋರಿಸಿ.